ಮರೆವನ್ನು ಅಳೆದ ಕಥೆ

ಮೂರು ವರ್ಷಗಳ ಹಿಂದೆ ಒಂದು ಭಾನುವಾರ ಉಪ್ಪುಂದದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಮೀನುಗಾರರ ಮನೆಯ ಹುಡುಗಿ. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ಕುಂದಾಪುರದ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ; ಹೀಗೆ ಮೂರು ನುಡಿಗಳ ನಡುವೆ ಬೆಳೆದವಳು. ನನ್ನ ತರಗತಿಯಲ್ಲಿದ್ದಾಗ ಷಟ್ಪದಿಗೆ ಪ್ರಸ್ತಾರ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಮುಂದೆ ಪ್ರಾಥಮಿಕ ಶಾಲೆಯ ಅಧ್ಯಾಪಕಿಯಾದಳು. ಮೂವತ್ತು ದಾಟುತ್ತಿದ್ದಂತೆ ಒಂದು ಕಣ್ಣು ಮಂಜಾಯಿತು, ಸರಿಹೋಯಿತು. ಮರುವರ್ಷ ಎಡಗಾಲಿಗೆ ಜೋಮು ಹಿಡಿಯಿತು. ವೈದ್ಯರು ತಲೆಯ ಸ್ಕ್ಯಾನ್ ತೆಗೆಸಿ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೇಳಿದರು.

ಅವಳು ನನ್ನಲ್ಲಿ ದುಃಖಿಸಿಕೊಂಡದ್ದು ಕಣ್ಣಿನ ಮಾತನ್ನಲ್ಲ, ಕಾಲಿನ ಮಾತನ್ನೂ ಅಲ್ಲ. "ಸರ್, ನಂಗೆ ಎಲ್ಲ ಗೊತ್ತಿತ್. ಬಾಯಿಗೆ ಮಾತ್ರ ಬತ್ತಿಲ್ಲೆ. ಮಕ್ಕಳ ಹೆಸರ್ ಕರೂಕೆ ನಿಂತ್ರೆ ಮಧ್ಯದಲ್ಲಿ ನಿಂತ್ ಹೋತ್ತ್" ಎಂದಳು. ಶಾಲೆಯಲ್ಲಿ ಇದನ್ನು ಉದಾಸೀನವೆಂದು ತಿಳಿದಿದ್ದರು. ಮನೆಯವರು ಚಿಂತೆ ಮಾಡಿ ಮಾಡಿ ಹೀಗಾಗಿದೆ ಎಂದಿದ್ದರು. ಒಂದು ಆಸ್ಪತ್ರೆಯಲ್ಲಿ ಪರೀಕ್ಷಿಸಿದವರು ಇಂದು ಯಾವ ವಾರ, ಇದು ಯಾವ ಊರು ಎಂದು ಕೇಳಿ, ಮೂರು ಶಬ್ದಗಳನ್ನು ನೆನಪಿಡಲು ಹೇಳಿ, ನೂರರಿಂದ ಏಳೇಳನ್ನು ಕಳೆಯಿಸಿ, ಮೂವತ್ತಕ್ಕೆ ಮೂವತ್ತು ಅಂಕ ಕೊಟ್ಟು, "ನಿಮಗೆ ಏನೂ ಆಗಿಲ್ಲ" ಎಂದು ಕಳುಹಿಸಿದ್ದರು. ಪೂರ್ಣ ಅಂಕ ಪಡೆದು ಅತ್ತ ವಿದ್ಯಾರ್ಥಿಯನ್ನು ನಾನು ಕಂಡದ್ದು ಅದೇ ಮೊದಲು.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದರೂ ಮನುಷ್ಯನ ನೆನಪಿಗೆ ಅಂಕ ಹಾಕುವ ಈ ಪದ್ಧತಿ ಎಲ್ಲಿಂದ ಬಂತು, ನಮ್ಮ ನುಡಿಗೆ ಹೇಗೆ ಬಂತು ಎಂಬ ಕುತೂಹಲ ಅಂದಿನಿಂದ ನನ್ನನ್ನು ಬಿಡಲಿಲ್ಲ. ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೋಗದ ವಿಚಾರ. ನಮ್ಮ ನರತಂತುಗಳಿಗೆ ವಿದ್ಯುತ್ ತಂತಿಗೆ ಇರುವಂತೆ ಒಂದು ಹೊದಿಕೆಯುಂಟು. ಅದಕ್ಕೆ ಮಯಲಿನ್ ಎಂದು ಹೆಸರು. ಹೊರಗಿನ ಶತ್ರುಗಳಿಂದ ದೇಹವನ್ನು ಕಾಯಬೇಕಾದ ಶಕ್ತಿ ಈ ಹೊದಿಕೆಯನ್ನೇ ಶತ್ರುವೆಂದು ಭಾವಿಸಿ ತಿನ್ನತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಹೊದಿಕೆ ಹರಿದಲ್ಲಿ ಸುದ್ದಿ ನಿಧಾನವಾಗಿ ಹರಿಯುತ್ತದೆ, ಕೆಲವೆಡೆ ನಿಂತೇ ಹೋಗುತ್ತದೆ. ಹೊದಿಕೆಯ ಮೇಲೆ ದೇಹವೇ ತಿರುಗಿಬೀಳಬಲ್ಲದು ಎಂಬುದಕ್ಕೆ ಮೊದಲ ಆಧಾರ ದೊರೆತದ್ದು 1933ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಥಾಮಸ್ ರಿವರ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಮಿದುಳಿನ ಸಾರವನ್ನು ಮೇಲಿಂದ ಮೇಲೆ ಚುಚ್ಚಿದಾಗ, ಯಾವ ರೋಗಾಣುವೂ ಇಲ್ಲದೆ ಅವುಗಳ ಮಿದುಳಿನಲ್ಲಿ ಉರಿಯೂತ ಕಾಣಿಸಿಕೊಂಡಿತು.

ರೋಗಕ್ಕೆ ಸ್ಪಷ್ಟವಾದ ರೂಪ ಕೊಟ್ಟವನು ಅದಕ್ಕೂ ಬಹಳ ಹಿಂದಿನ ಷಾರ್ಕೋ. ಪ್ಯಾರಿಸ್ ನಗರದ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ 1868ರಲ್ಲಿ ಅವನು ಈ ರೋಗವನ್ನು ವಿವರಿಸಿದ. ಕೈ ನಡುಗುವ ಒಬ್ಬ ಹೆಂಗಸನ್ನು ಅವನು ಮನೆಗೆಲಸಕ್ಕೆ ಇಟ್ಟುಕೊಂಡಿದ್ದನೆಂದೂ, ಅವಳು ಒಡೆದ ತಟ್ಟೆಗಳ ಲೆಕ್ಕವೇ ದೊಡ್ಡದಾಗಿತ್ತೆಂದೂ, ಆದರೂ ಅವಳನ್ನು ಬಿಡಲಿಲ್ಲವೆಂದೂ ಹೇಳುವುದುಂಟು. ಷಾರ್ಕೋ ತನ್ನ ಉಪನ್ಯಾಸಗಳಲ್ಲಿ ನಡುಕವನ್ನೂ ಕಣ್ಣಿನ ಅಲುಗಾಟವನ್ನೂ ಮಾತಿನ ತೊಡಕನ್ನೂ ಹೇಳಿ ನಿಲ್ಲಿಸಲಿಲ್ಲ. ಇಂಥ ರೋಗಿಗಳ ನೆನಪು ಕುಂದುತ್ತದೆ, ಅವರ ಮನಸ್ಸಿನಲ್ಲಿ ವಿಚಾರಗಳು ನಿಧಾನವಾಗಿ ರೂಪುಗೊಳ್ಳುತ್ತವೆ ಎಂದೂ ಸೇರಿಸಿದ. ನನ್ನ ವಿದ್ಯಾರ್ಥಿನಿ ಹೇಳಿದ್ದು ಇದನ್ನೇ ಅಲ್ಲವೆ?

ವಿಚಿತ್ರವೆಂದರೆ ಈ ಮಾತು ಮುಂದೆ ಹಲವು ದಶಕಗಳ ಕಾಲ ಮೂಲೆ ಸೇರಿತು. 1926ರಲ್ಲಿ ಲಂಡನ್ನಿನ ಕಾಟ್ರೆಲ್ ಮತ್ತು ವಿಲ್ಸನ್ ಎಂಬ ಇಬ್ಬರು 100 ರೋಗಿಗಳನ್ನು ಪರೀಕ್ಷಿಸಿ, ಇವರ ಭಾವನೆಗಳಲ್ಲಿ ಏರುಪೇರುಂಟು, ಬುದ್ಧಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ಕೊರತೆಯಿಲ್ಲ ಎಂದು ಬರೆದರು. ಅವರು ಅಳೆದದ್ದು ಮುಖ್ಯವಾಗಿ ಮಾತುಕತೆಯಿಂದ. ಎದುರು ಕುಳಿತು ಮರ್ಯಾದೆಯಿಂದ ಮಾತನಾಡುವ ಮನುಷ್ಯನ ಮನಸ್ಸು ನಿಧಾನವಾಗಿದೆಯೆಂದು ಮಾತಿನಿಂದಲೇ ತಿಳಿಯುವುದು ಸುಲಭವಲ್ಲ. ಸಜ್ಜನರು ತಮ್ಮ ಕೊರತೆಯನ್ನು ಮುಗುಳ್ನಗೆಯಿಂದ ಮುಚ್ಚಿಬಿಡುತ್ತಾರೆ. ಆಮೇಲೆ ಬಂದ ಅಳತೆಗಳೂ ಕಾಲಿನ ಕಡೆಗೇ ವಾಲಿದವು. ಅಮೆರಿಕದ ಕರ್ಟ್ಸ್‌ಕೆ 1955ರಲ್ಲಿ ರೂಪಿಸಿ 1983ರಲ್ಲಿ ವಿಸ್ತರಿಸಿದ ಅಂಗವೈಕಲ್ಯದ ಮಾಪನವೇ ಇಂದಿಗೂ ಎಲ್ಲೆಲ್ಲೂ ನಡೆಯುತ್ತಿದೆ. ರೋಗಿ ಎಷ್ಟು ದೂರ ನಡೆಯಬಲ್ಲ, ಕೋಲು ಬೇಕೇ, ಗಾಲಿಕುರ್ಚಿ ಬೇಕೇ ಎಂಬುದರ ಮೇಲೆ ಅದರ ಹೆಚ್ಚಿನ ಭಾರ. ತರಗತಿಯಲ್ಲಿ ನೆಟ್ಟಗೆ ನಿಂತು, ಎದುರಿಗಿರುವ ಮಗುವಿನ ಹೆಸರಿಗಾಗಿ ತಡಕಾಡುವ ಅಧ್ಯಾಪಕಿ ಅದರ ಕಣ್ಣಿಗೆ ಬೀಳುವುದು ಕಷ್ಟ.

ಬಾಗಿಲು ತೆರೆದದ್ದು 1991ರಲ್ಲಿ. ಅಮೆರಿಕದ ಸ್ಟೀಫನ್ ರಾವ್ ಮತ್ತು ಅವರ ಸಂಗಡಿಗರು ಆಸ್ಪತ್ರೆಯ ಹಾಸಿಗೆಗಳಲ್ಲಿದ್ದವರನ್ನು ಬಿಟ್ಟು, ಮನೆಗಳಲ್ಲಿ ಬಾಳುತ್ತಿದ್ದ 100 ರೋಗಿಗಳನ್ನು ಆರಿಸಿಕೊಂಡರು. ಅವರಿಗೆ ವಯಸ್ಸಿನಲ್ಲೂ ಓದಿನಲ್ಲೂ ಸರಿಸಮಾನರಾದ 100 ಆರೋಗ್ಯವಂತರನ್ನು ಜೊತೆಗಿಟ್ಟು, ಗಂಟೆಗಟ್ಟಲೆ ಪರೀಕ್ಷೆ ನಡೆಸಿದರು. ರೋಗಿಗಳಲ್ಲಿ ನೂರಕ್ಕೆ 43ರಷ್ಟು ಮಂದಿಗೆ ಬುದ್ಧಿವ್ಯಾಪಾರದಲ್ಲಿ ನಿಜವಾದ ಕುಂದು ಕಂಡಿತು. ಕಾಲಿನ ದುರ್ಬಲತೆಗೂ ಮನಸ್ಸಿನ ಕುಂದಿಗೂ ಇದ್ದ ಸಂಬಂಧ ತೀರ ಸಡಿಲ. ಈ ಅಧ್ಯಯನದ ಎರಡನೆಯ ಭಾಗ ಇನ್ನೂ ಮನಮುಟ್ಟುವಂಥದು: ಕುಂದು ಇದ್ದವರು ನೌಕರಿಯಲ್ಲಿ ಉಳಿದಿರುವುದು ಕಡಿಮೆ, ಜನರೊಡನೆ ಬೆರೆಯುವುದು ಕಡಿಮೆ, ಮನೆಗೆಲಸದಲ್ಲಿ ತೊಡಕು ಹೆಚ್ಚು; ಕೈಕಾಲುಗಳು ಒಂದೇ ಮಟ್ಟದಲ್ಲಿದ್ದವರ ನಡುವೆಯೂ ಹೀಗೆ. ಉದಾಸೀನವೆಂದು ಲೋಕ ಕರೆದದ್ದಕ್ಕೆ ಅಂದು ಬೇರೆ ಹೆಸರು ಸಿಕ್ಕಿತು.

ಹಾಗಾದರೆ ನನ್ನ ವಿದ್ಯಾರ್ಥಿನಿಗೆ ಮೂವತ್ತಕ್ಕೆ ಮೂವತ್ತು ಬಂದದ್ದು ಹೇಗೆ? ಆ ಮೂವತ್ತು ಅಂಕಗಳ ಪರೀಕ್ಷೆಯನ್ನು 1975ರಲ್ಲಿ ಫೋಲ್‌ಸ್ಟೀನ್ ದಂಪತಿಗಳು ಇನ್ನೊಬ್ಬ ವೈದ್ಯನೊಡನೆ ಸೇರಿ ಸಿದ್ಧಪಡಿಸಿದರು. ವೃದ್ಧಾಪ್ಯದ ಅರಳುಮರಳಿನಂಥ ಭಾರಿ ಮರೆವನ್ನು ಆಸ್ಪತ್ರೆಯಲ್ಲಿ ಬೇಗ ಗುರುತಿಸುವುದಕ್ಕೆ ಅದು ಒಳ್ಳೆಯ ಸಾಧನವೇ. ಆದರೆ ಅದರಲ್ಲಿ ಬಹುಪಾಲು ಅವಸರವೆಂಬುದಿಲ್ಲ. ಈ ರೋಗ ಮೊದಲು ಕೈಹಾಕುವುದೋ ವೇಗಕ್ಕೆ. ಊರಿನ ಹೆಸರು ಮರೆಯುವುದಿಲ್ಲ. ಸರಿಯಾದ ಉತ್ತರ ಬರುತ್ತದೆ, ತಡವಾಗಿ ಬರುತ್ತದೆ. ತಕ್ಕಡಿಯಲ್ಲಿ ಮಳೆ ಅಳೆಯಹೋದರೆ ಮಳೆಯೇ ಬಿದ್ದಿಲ್ಲವೆಂದು ತೋರುವುದು ಸಹಜ.

ವೇಗವನ್ನು ಅಳೆಯಲು ಎರಡು ಪರೀಕ್ಷೆಗಳು ಪ್ರಸಿದ್ಧವಾದವು. ಮೊದಲನೆಯದು 1970ರ ದಶಕದಲ್ಲಿ ನ್ಯೂಜಿಲೆಂಡಿನ ಡಾರತಿ ಗ್ರಾನ್‌ವಾಲ್ ತಲೆಗೆ ಪೆಟ್ಟು ಬಿದ್ದವರಿಗಾಗಿ ಬಳಕೆಗೆ ತಂದದ್ದು. ಧ್ವನಿಮುದ್ರಣದಿಂದ ಮೂರು ಸೆಕೆಂಡಿಗೊಂದರಂತೆ ಅಂಕೆಗಳು ಬರುತ್ತಿರುತ್ತವೆ. ಕೇಳಿದ ಅಂಕೆಯನ್ನು ಅದರ ಹಿಂದಿನ ಅಂಕೆಗೆ ಕೂಡಿಸಿ ಮೊತ್ತವನ್ನು ಹೇಳುತ್ತ ಹೋಗಬೇಕು. ಓದುಗರು ಮನೆಯಲ್ಲಿ ಪ್ರಯತ್ನಿಸಿ ನೋಡಬಹುದು. ಆರೋಗ್ಯವಂತರಿಗೂ ಬೆವರಿಳಿಸುವ ಕೆಲಸ, ರೋಗಿಗಳಲ್ಲಿ ಎಷ್ಟೋ ಮಂದಿ ನಡುವೆಯೇ ಕೈಬಿಡುತ್ತಾರೆ. ಎರಡನೆಯದು ಏರನ್ ಸ್ಮಿತ್ ಎಂಬವರದು, 1973ರಲ್ಲಿ ಪ್ರಕಟವಾಯಿತು. ಒಂಬತ್ತು ಗುರುತುಗಳು, ಪ್ರತಿಯೊಂದಕ್ಕೂ ಒಂದು ಅಂಕೆ. ಮೇಲಿನ ಸಾಲಿನಲ್ಲಿರುವ ಕೀಲಿಯನ್ನು ನೋಡುತ್ತ, ಕೆಳಗಿನ ಗುರುತುಗಳಿಗೆ ಸಲ್ಲುವ ಅಂಕೆಗಳನ್ನು 90 ಸೆಕೆಂಡುಗಳಲ್ಲಿ ಎಷ್ಟಾದರಷ್ಟು ಹೇಳಬೇಕು. ಇಷ್ಟೇ. ಈ ಸರಳ ಪರೀಕ್ಷೆಯೇ ಕೊನೆಗೆ ಮೇಲುಗೈ ಪಡೆಯಿತು. 2012ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಇದನ್ನೂ, ಶಬ್ದಗಳ ಪಟ್ಟಿಯನ್ನು ಐದು ಸಲ ಕೇಳಿಸಿ ನೆನಪಿಸುವ ಪರೀಕ್ಷೆಯೊಂದನ್ನೂ, ಚಿತ್ರಗಳನ್ನು ನೆನಪಿನಿಂದ ಬರೆಯುವ ಇನ್ನೊಂದನ್ನೂ ಕೂಡಿಸಿ ಸುಮಾರು 15 ನಿಮಿಷಗಳ ಕಟ್ಟೊಂದನ್ನು ಮಾಡಿದರು. ರೋಗ ಪತ್ತೆಯಾದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಆಗಬೇಕೆಂದು 2018ರಲ್ಲಿ ಅಮೆರಿಕದ ತಜ್ಞರು ಶಿಫಾರಸು ಮಾಡಿದರು. ಲೂಪಸ್ ಎಂಬ ಇನ್ನೊಂದು ಸ್ವಯಂಪ್ರತಿರಕ್ಷಾ ರೋಗದಲ್ಲಿಯೂ ಇದೇ ಪ್ರಶ್ನೆ ಎದ್ದು, 1999ರಲ್ಲಿ ಒಂದು ಗಂಟೆಯ ಪರೀಕ್ಷೆಗಳ ಗುಚ್ಛ ಸೂಚಿತವಾಯಿತು. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ.

ಇನ್ನು ಕನ್ನಡದ ಕಡೆಗೆ ಬರೋಣ. ಮನಸ್ಸನ್ನು ಅಳೆಯುವ ವಿದ್ಯೆ ನಮಗೆ ಹೊಸದೇನಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗವನ್ನು ತೆರೆದರು. ಕನ್ನಡಿಗರಿಗೆ ಅವರ ಹೆಸರು ಇನ್ನೊಂದು ಕಾರಣಕ್ಕೆ ಪರಿಚಿತ: 1935ರಲ್ಲಿ ತಮ್ಮ ಮನೆಯಿಂದಲೇ ಮೈಸೂರು ಆಕಾಶವಾಣಿಯನ್ನು ಆರಂಭಿಸಿದವರು ಅವರೇ. ಅತ್ತ ಮುಂಬಯಿ ಪ್ರಾಂತ್ಯದಲ್ಲಿ ವಿ. ವಿ. ಕಾಮತರು, ಫ್ರಾನ್ಸಿನ ಬಿನೆ 1905ರಲ್ಲಿ ಮಾಡಿದ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಪರದೇಶದ ಪ್ರಶ್ನೆಯನ್ನು ಬರಿದೆ ಭಾಷಾಂತರಿಸಿದರೆ ಸಾಲದು, ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ ಹೊಸದಾಗಿ ಅಳತೆ ಕಟ್ಟಬೇಕು ಎಂಬ ವಿವೇಕ ಕನ್ನಡದಲ್ಲಿ ಆಗಲೇ ಇತ್ತೆಂಬುದು ನನಗೆ ಸಂತೋಷದ ಸಂಗತಿ.

ಮಿದುಳಿನ ರೋಗಿಗಳ ಪರೀಕ್ಷೆಗೆ ಆ ವಿವೇಕವನ್ನು ತಂದದ್ದು ಬೆಂಗಳೂರಿನ ನಿಮ್ಹಾನ್ಸ್. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಹುಟ್ಟಿ, 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ಈ ಹೆಸರು ಪಡೆದ ಸಂಸ್ಥೆಯಿದು. ಇಲ್ಲಿಯ ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ ಇವರು 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ಅನಕ್ಷರಸ್ಥರಿಗೆ, ಶಾಲೆ ಓದಿದವರಿಗೆ, ಕಾಲೇಜು ಓದಿದವರಿಗೆ ಬೇರೆ ಬೇರೆ ಮಟ್ಟಗಳುಂಟು. ಹದಿನೈದು ಶಬ್ದಗಳನ್ನು ಕೇಳಿ ನೆನಪಿಸುವ ಪರೀಕ್ಷೆಯ ಮೂಲರೂಪದ ಇಂಗ್ಲಿಷ್ ಪಟ್ಟಿಯಲ್ಲಿ ಟೊಪ್ಪಿಗೆಯೂ ಟರ್ಕಿ ಕೋಳಿಯೂ ಬರುತ್ತವೆ. ಟರ್ಕಿ ಕೋಳಿಯನ್ನು ಕಂಡವರು ಉಪ್ಪುಂದದಲ್ಲಿ ಎಷ್ಟು ಮಂದಿ? ಇಲ್ಲಿ ಬಳಸುವ ಪಟ್ಟಿಯಲ್ಲಿ ದೇಹದ ಅಂಗಗಳು, ಪ್ರಾಣಿಗಳು, ಉಪಕರಣಗಳು, ಮನೆಯ ವಸ್ತುಗಳು, ವಾಹನಗಳು ಇವೆ. ಯಾವ ದೇಶದವರಿಗೂ ಪರಿಚಿತವಾಗಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೆಲಸದಿಂದ ಬಂದ ಆಯ್ಕೆಯಿದು.

ಇನ್ನೊಂದು ಪರೀಕ್ಷೆ ನನ್ನಂಥ ಕನ್ನಡ ಮೇಷ್ಟ್ರಿಗೆ ತೀರ ಹತ್ತಿರದ್ದು. ಇಂಗ್ಲಿಷಿನಲ್ಲಿ ಎಫ್, ಎ, ಎಸ್ ಅಕ್ಷರಗಳಿಂದ ಶುರುವಾಗುವ ಶಬ್ದಗಳನ್ನು ಒಂದೊಂದು ನಿಮಿಷ ಹೇಳಿಸುತ್ತಾರೆ. ಕನ್ನಡದಲ್ಲಿ ಅವಕ್ಕೆ ಬದಲಾಗಿ ಕ, ಪ, ಮ. ಮೇಲುನೋಟಕ್ಕೆ ಇದರಲ್ಲಿ ತೊಡಕಿಲ್ಲ. ಆದರೆ 'ಪ'ಕಾರದ ಚರಿತ್ರೆ ಬಲ್ಲವರು ಸ್ವಲ್ಪ ತಡೆಯಬೇಕು. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು, ಪೆಸರ್ ಹೆಸರಾಯಿತು. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಮೊದಲಲ್ಲಿದ್ದ ನಮ್ಮ ಪಕಾರಗಳು ಸಾಲಾಗಿ ಹಕಾರಗಳಾದವು. ಈಗ ಪಕಾರದಲ್ಲಿ ಉಳಿದಿರುವ ಶಬ್ದಗಳಲ್ಲಿ ಬಹುಪಾಲು ಸಂಸ್ಕೃತದಿಂದಲೋ ಬೇರೆಡೆಯಿಂದಲೋ ಬಂದವು: ಪಾಠ, ಪುಸ್ತಕ, ಪತ್ರ, ಪೂಜೆ, ಪರೀಕ್ಷೆ. ಎಂದರೆ ಶಾಲೆಯಲ್ಲಿ ಹೆಚ್ಚು ಕಾಲ ಕುಳಿತವನಿಗೆ ಪಕಾರದ ಭಂಡಾರ ದೊಡ್ಡದು. ಸೌದೆ ಒಡೆಯುವವನ ಹಾಲು, ಹುಲ್ಲು, ಹೊಲ, ಹಗ್ಗಗಳೆಲ್ಲ ಹಕಾರದ ಮನೆಗೆ ಹೋಗಿಬಿಟ್ಟಿವೆ. ಉಡುಪಿಯ ತುಳುವನಿಗೆ ಹಾಲು ಇನ್ನೂ ಪೇರ್, ಹುಲಿ ಇನ್ನೂ ಪಿಲಿ; ಕೊಂಕಣಿಯವರಿಗೆ ಮಳೆ ಪಾವಸು. ಕನ್ನಡದಲ್ಲಿ ಮಾತ್ರ ಹೇಳಬೇಕೆಂಬ ನಿಯಮವಿದ್ದರೆ ಅವರು ತುಟಿಗೆ ಬಂದ ಶಬ್ದವನ್ನು ನುಂಗಿಕೊಂಡು ಇನ್ನೊಂದನ್ನು ಹುಡುಕಬೇಕು. ಹುಡುಕುವುದರಲ್ಲಿ ಸೆಕೆಂಡುಗಳು ಹೋಗುತ್ತವೆ. ಆ ಸೆಕೆಂಡುಗಳನ್ನು ರೋಗದ ಖಾತೆಗೆ ಬರೆಯುವುದು ನ್ಯಾಯವಲ್ಲ. ಓದಿನ ಮಟ್ಟಕ್ಕೆ ತಕ್ಕಂತೆ ಅಳತೆಗಳನ್ನು ಬೇರ್ಪಡಿಸಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಮನೆಮಾತಿನ ಭೇದ ಮಾತ್ರ ಅಷ್ಟರಿಂದ ತೀರುವುದಿಲ್ಲ.

ಅಂಕೆಗಳ ಮಾತೂ ಹಾಗೆಯೇ. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲದ್ದು ಸುಮಾರು ಎರಡು ಸೆಕೆಂಡುಗಳಲ್ಲಿ ಉಚ್ಚರಿಸಬಹುದಾದಷ್ಟು ಎಂದು ಇಂಗ್ಲೆಂಡಿನ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ವೇಲ್ಸ್ ನಾಡಿನ ಮಕ್ಕಳು ತಮ್ಮ ನುಡಿಯ ಅಂಕೆಗಳನ್ನು ನೆನಪಿಡುವುದರಲ್ಲಿ ಇಂಗ್ಲಿಷ್ ಮಕ್ಕಳಿಗಿಂತ ಹಿಂದೆ ಎಂಬ ಅಪವಾದವಿತ್ತು. 1980ರಲ್ಲಿ ಎಲಿಸ್ ಮತ್ತು ಹೆನ್ನೆಲಿ ಎಂಬವರು ಪರಿಶೀಲಿಸಿ, ವೆಲ್ಷ್ ಅಂಕೆಗಳನ್ನು ಉಚ್ಚರಿಸಲು ಹೆಚ್ಚು ಹೊತ್ತು ಬೇಕು, ತಪ್ಪು ಮಕ್ಕಳ ಬುದ್ಧಿಯದಲ್ಲ ಎಂದು ತೋರಿಸಿಕೊಟ್ಟರು. ಇದನ್ನು ಓದಿದ ದಿನ ನಾನು ಕನ್ನಡದ ಅಂಕೆಗಳಿಗೆ ಪ್ರಸ್ತಾರ ಹಾಕಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು: ಎಲ್ಲಕ್ಕೂ ಮೂರು ಮೂರು ಮಾತ್ರೆ. ಒಂಬತ್ತಕ್ಕೆ ಮಾತ್ರ ಐದು. ಒಟ್ಟು 29 ಮಾತ್ರೆಗಳು. ಇಂಗ್ಲಿಷಿನಲ್ಲಿ ಏಳನ್ನು ಬಿಟ್ಟರೆ ಉಳಿದ ಎಂಟೂ ಒಂದೊಂದೇ ಉಸಿರಿನ ಶಬ್ದಗಳು. ಇನ್ನು ನಮ್ಮ ಕುಂದಾಪುರದ ಕಡೆ? ಕೊನೆಯ ಉಕಾರವನ್ನು ನುಂಗಿ ಒಂದ್, ಎರ್ಡ್, ಮೂರ್, ನಾಲ್ಕ್ ಎಂದು ಎಣಿಸಿದರೆ ಅಂಕೆಗಳು ಇಂಗ್ಲಿಷಿನಷ್ಟೇ ಮೊಟಕಾಗುತ್ತವೆ. ಎರಡನ್ನೂ ಗಡಿಯಾರ ಹಿಡಿದು ಹೇಳಿ ನೋಡಿ, ವ್ಯತ್ಯಾಸ ತಾನೇ ತಿಳಿಯುತ್ತದೆ. ನಮ್ಮ ಭಾಷೆ ಮೊಟಕೆಂದು ಘಟ್ಟದ ಮೇಲಿನ ಸ್ನೇಹಿತರು ಹಾಸ್ಯಮಾಡುವುದುಂಟು. ಈ ಒಂದು ಪರೀಕ್ಷೆಯಲ್ಲಾದರೂ ಅದು ನಮಗೆ ಅನುಕೂಲವಾದೀತು.

ಅಕ್ಷರವೇ ಬಾರದವರ ಪಾಡೇನು? ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಆ ಮೂವತ್ತು ಅಂಕಗಳ ಪರೀಕ್ಷೆಯನ್ನೇ ಹಿಂದಿಯಲ್ಲಿ ಹೊಸದಾಗಿ ಕಟ್ಟಿ, ಓದುಬರಹವಿಲ್ಲದ ವೃದ್ಧರೂ ಉತ್ತರಿಸುವಂತೆ ಮಾಡಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಈ ಐದು ನುಡಿಗಳಿಗೆ ಒಟ್ಟಾಗಿ ಸಿದ್ಧವಾದ ಪರೀಕ್ಷಾಸಂಚಯದ ವಿವರ 2020ರಲ್ಲಿ ಪ್ರಕಟವಾಯಿತು. ಅದರ ಗುರಿ ಮುಖ್ಯವಾಗಿ ವೃದ್ಧಾಪ್ಯದ ಮರೆವು. ಮೂವತ್ತರ ವಯಸ್ಸಿನ ಅಧ್ಯಾಪಕಿಗೆ ಬೇಕಾದದ್ದು ಇನ್ನೊಂದು ಬಗೆಯದು.

ಇಂಥವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು ಎಂದು ಕೇಳಬಹುದು. ಇದು ಶೀತದೇಶಗಳ ರೋಗ, ಭಾರತದಲ್ಲಿ ಅತಿ ವಿರಳ ಎಂಬ ನಂಬಿಕೆ ಬಹುಕಾಲ ಇತ್ತು; 1980ರ ದಶಕದ ಅಂದಾಜು ಲಕ್ಷಕ್ಕೆ ಒಬ್ಬರ ಆಸುಪಾಸು. ಆ ನಂಬಿಕೆಯನ್ನು ಅಲುಗಿಸಿದ್ದು ನಮ್ಮ ಕರಾವಳಿಯೇ. ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ಸಹೋದ್ಯೋಗಿ ಮಂಗಳೂರು ನಗರದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಲಕ್ಷಕ್ಕೆ ಸುಮಾರು 8 ಮಂದಿಗೆ ಈ ರೋಗವುಂಟು. ಇದರ ಸೋದರ ರೋಗವಾದ, ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಹಿಡಿಯುವ ನ್ಯೂರೋಮೈಲೈಟಿಸ್ ಆಪ್ಟಿಕಾ ಲಕ್ಷಕ್ಕೆ 2.6. ಹುಡುಕಿದಲ್ಲಿ ರೋಗ ಸಿಕ್ಕಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ತನ್ನ 21 ಬಗೆಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರನ್ನೂ ಸೇರಿಸಿತು. ಆದರೆ ಕಾಗದದ ಮೇಲೆ ಹೆಸರಿದ್ದರೂ, ಕಾಣದ ಕುಂದನ್ನು ಕಾಣಿಸಿಕೊಡಲು ಸರಿಯಾದ ಅಳತೆ ಬೇಕೇ ಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಈ ರೋಗದಲ್ಲಿ ಆಯಾಸ ಬಹಳ. ಮನಸ್ಸಿಗೆ ಮಂಕು ಕವಿಯುವುದೂ ಸಾಮಾನ್ಯ. ಎರಡೂ ಅಂಕವನ್ನು ಇಳಿಸುತ್ತವೆ. ರಾತ್ರಿ ನಿದ್ದೆಯಿಲ್ಲದೆ, ಬೆಳಗಿನ ಮೊದಲ ಬಸ್ಸಿನಲ್ಲಿ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸಿ ಮಂಗಳೂರಿಗೆ ಬಂದವಳನ್ನು ಕೂಡಲೇ ಗಡಿಯಾರದ ಮುಂದೆ ಕೂರಿಸಿದರೆ ಅಳೆದದ್ದು ಪ್ರಯಾಣವನ್ನೋ ಮಿದುಳನ್ನೋ ಎಂಬ ಸಂದೇಹ ಉಳಿಯುತ್ತದೆ.

ನನ್ನ ವಿದ್ಯಾರ್ಥಿನಿಗೆ ಮುಂದೆ ಬೇರೊಂದೆಡೆ ಆ 90 ಸೆಕೆಂಡುಗಳ ಪರೀಕ್ಷೆಯೂ ಶಬ್ದಪಟ್ಟಿಯ ಪರೀಕ್ಷೆಯೂ ಆದವು. ನೆನಪು ಮಟ್ಟಸವಾಗಿದೆ, ವೇಗ ತಗ್ಗಿದೆ ಎಂಬ ವರದಿ ಬಂತು. ಕೆಟ್ಟ ಸುದ್ದಿಯೇ. ಆದರೆ ಅದನ್ನು ಹೇಳುವಾಗ ಅವಳ ಮುಖದಲ್ಲಿ ಬಹುದಿನಗಳ ಮೇಲೆ ಗೆಲುವು ಕಂಡೆ. "ನಾನ್ ಸುಳ್ಳ್ ಹೇಳಿದ್ದಲ್ಲ ಅಂದ್ ಈಗ ಕಾಗದದಲ್ಲಿ ಇತ್ತ್ ಸರ್" ಎಂದಳು. ಕಳೆದ ವೇಗವನ್ನು ತಿರುಗಿ ತರುವ ಔಷಧಿ ಇನ್ನೂ ಕೈಗೆ ಬಂದಿಲ್ಲ. ಹಾಜರಿ ಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕದಲ್ಲಿ ಮಗುವಿನ ಮುಖಕ್ಕೆ ಗುರುತಾಗುವಂಥ ಒಂದು ಸಣ್ಣ ಚಿತ್ರ ಬರೆದುಕೊಂಡಿದ್ದಾಳೆ. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈಹಾಕುವುದಿಲ್ಲ. ಗಣಿತದ ಪಾಠ ಬೆಳಗಿನ ಮೊದಲ ಅವಧಿಗೇ ಬರುವಂತೆ ಮುಖ್ಯೋಪಾಧ್ಯಾಯರು ವೇಳಾಪಟ್ಟಿ ಬದಲಾಯಿಸಿದ್ದಾರೆ; ವರದಿಯನ್ನು ತೋರಿಸಿದ ಮೇಲೆ.

ಹೊರಡುವಾಗ ನನ್ನ ಪ್ರಸ್ತಾರದ ಕಾಗದ ತೋರಿಸಿ, "ಪರೀಕ್ಷೆಯಲ್ಲಿ ಅಂಕೆಗಳನ್ನು ನೀನು ಹೇಗೆ ಹೇಳಿದೆ?" ಎಂದು ಕೇಳಿದೆ. ಪುಸ್ತಕದ ಕನ್ನಡದಲ್ಲಿ, ಒಂದು, ಎರಡು ಎಂದು ಸ್ಪಷ್ಟವಾಗಿ ಹೇಳಿದಳಂತೆ. ಎದುರಿಗಿದ್ದವರು ದೊಡ್ಡ ಊರಿನವರು, ಹಾಗೆ ಹೇಳುವುದೇ ಮರ್ಯಾದೆಯೆಂದು ಭಾವಿಸಿದ್ದಳು. "ಮತ್ತೆ ಮನೆಯಲ್ಲಿ ಎಣಿಸುವುದು?" ಎಂದೆ. ಅವಳು ನಕ್ಕಳು. "ದುಡ್ಡ್ ಎಣ್ಸುದ್ ಒಂದ್, ಎರ್ಡ್ ಅಂದ್. ದೋಣಿ ಬಂದ್ರೆ ಅಪ್ಪಯ್ಯನ ಒಟ್ಟಿಗೆ ಮೀನ್ ಎಣ್ಸುದ್ ಮಾತ್ರ ಏಕ್, ದೋನ್, ತೀನ್" ಎಂದಳು. ಪರೀಕ್ಷೆ ಮಾಡಿದವರು ಅದನ್ನು ಕೇಳಿದ್ದರೆ ಎಂದೆ. ಕೇಳಿರಲಿಲ್ಲ.